ತಂಬಿಗೆಯೋ, ಕೊಡವೋ?

ಮನೆಯಲ್ಲೇ ಮೈಕು ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುವವರೆಲ್ಲ ಒಂದಲ್ಲ ಒಂದು ದಿನ 64, 128, 256, 1024 ಎಂಬ ಅಂಕಿಗಳ ಮುಂದೆ ಕಕ್ಕಾಬಿಕ್ಕಿಯಾಗಿ ಕೂತವರೇ. ಬಫರ್ ಚಿಕ್ಕದಾದಷ್ಟೂ ದನಿ ಶುದ್ಧ ಎಂದು ಯಾರೋ ಹೇಳಿದ್ದನ್ನು ನಂಬಿ ನಾನು ಬಹಳ ದಿನ 64ಕ್ಕೇ ಅಂಟಿಕೊಂಡಿದ್ದೆ. ಶುದ್ಧವಾಗಿದ್ದದ್ದು ಆ ಸುಳ್ಳು ಮಾತ್ರ. ರೆಕಾರ್ಡಿಂಗ್ ತುಂಬ ಚಟಪಟ ಸದ್ದು.

ಬಫರ್ ಅಂದರೆ ನಲ್ಲಿಯ ಕೆಳಗಿಟ್ಟ ಪಾತ್ರೆ. ದನಿ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ ಸುರಿಯುತ್ತಿದೆ ಎಂದುಕೊಳ್ಳಿ. ಪಾತ್ರೆ ತುಂಬಿದಾಗಲೆಲ್ಲ ಕಂಪ್ಯೂಟರ್ ಅದನ್ನು ಒಳಗೆ ಹೊತ್ತೊಯ್ಯಬೇಕು. 64 ಎಂದರೆ ತಂಬಿಗೆ: 1.3 ಮಿಲಿಸೆಕೆಂಡಿಗೇ ತುಂಬುತ್ತದೆ, ಆದರೆ ಸೆಕೆಂಡಿಗೆ 750 ಸಲ ಓಡಬೇಕು. ಒಂದು ಸಲ ತಡವಾದರೂ ನೀರು ಚೆಲ್ಲುತ್ತದೆ. ಆ ಚಟಪಟ ಅದೇ. 1024 ಎಂದರೆ ಕೊಡ: ತುಂಬಲು 21 ಮಿಲಿಸೆಕೆಂಡ್, ಓಡಾಟ ಸೆಕೆಂಡಿಗೆ 47 ಸಲ. ಎರಡರಲ್ಲೂ ಇರುವುದು ಅದೇ ನೀರು. ದನಿಯ ಗುಣ ತೀರ್ಮಾನವಾಗುವುದು ಮೈಕು, ಕೋಣೆ, ಇಂಟರ್ಫೇಸುಗಳಲ್ಲಿ.

‘ಬಫರ್ ದೊಡ್ಡದಿದ್ದರೆ ಹಾಡು ತಾಳ ತಪ್ಪಿ ರೆಕಾರ್ಡ್ ಆಗುತ್ತದೆ’ ಎನ್ನುವುದು ಅರ್ಧ ಸತ್ಯ. ಎಷ್ಟು ತಡವಾಗುತ್ತಿದೆ ಎಂದು ಡ್ರೈವರ್ ತಿಳಿಸುತ್ತದೆ. ಸಾಫ್ಟ್‌ವೇರ್ ಅಷ್ಟನ್ನು ಲೆಕ್ಕ ಹಾಕಿ ಟ್ರ್ಯಾಕನ್ನು ಹಿಂದಕ್ಕೆ ಸರಿಸಿ ಕೂರಿಸುತ್ತದೆ. ತಪ್ಪುವುದು ಹಾಡುವವರ ತಾಳ. ನನ್ನ ಚಿಕ್ಕಮ್ಮನ ಮಗಳು ಭಾವಗೀತೆ ಹಾಡಲು ಬಂದವಳು ಹೆಡ್‌ಫೋನ್ ಕಿತ್ತಿಟ್ಟು, ‘ಅಣ್ಣ, ನನ್ನ ಹಿಂದೆ ಇನ್ನೊಬ್ಬಳು ಹಾಡಿದ ಹಾಗಿದೆ’ ಅಂದಳು. ಅಂದು ಬಫರ್ 1024ರಲ್ಲಿತ್ತು. ಒಳಗೆ ಹೋಗಲು 21, ಹೊರಗೆ ಬರಲು ಇನ್ನೊಂದು 21, ಮೇಲೆ ಡ್ರೈವರಿನ ಚಿಲ್ಲರೆ. ಅವಳು ತನ್ನ ದನಿಗಾಗಿ ಕಾಯುತ್ತ ಲಯ ಎಳೆಯುತ್ತಿದ್ದಳು.

ಹಾಗೆಂದು ತಡ ಸೊನ್ನೆಯೇ ಆಗಬೇಕಿಲ್ಲ. ಗಾಳಿಯಲ್ಲಿ ಸದ್ದು 1 ಮಿಲಿಸೆಕೆಂಡಿಗೆ ಸಾಗುವುದು ಸುಮಾರು 34 ಸೆಂಟಿಮೀಟರ್. ಕಛೇರಿಯಲ್ಲಿ ಎರಡು ಮೀಟರ್ ಆಚೆ ಕೂತ ಮೃದಂಗದವರ ಪೆಟ್ಟು ಗಾಯಕರ ಕಿವಿಗೆ ಬೀಳಲು 6 ಮಿಲಿಸೆಕೆಂಡ್ ಬೇಕು, ಯಾರೂ ದೂರಿದ್ದಿಲ್ಲ. ಗಾಯಕರಿಗೆ ತಮ್ಮದೇ ದನಿಯ ವಿಷಯದಲ್ಲಿ ಮಾತ್ರ ತಾಳ್ಮೆ ಕಡಿಮೆ. ಆ ದನಿ ತಲೆಯ ಮೂಳೆಗಳ ಮೂಲಕ ತಕ್ಷಣ ಕೇಳಿಸಿರುತ್ತದೆ, ಹೆಡ್‌ಫೋನಿನದು ಸ್ವಲ್ಪ ತಡವಾಗಿ ಬಂದು ಬೆರೆತರೆ ಡಬ್ಬದೊಳಗೆ ಹಾಡಿದ ಹಾಗಾಗುತ್ತದೆ.

ಇದಕ್ಕೆ ಸುಲಭದ ದಾರಿ ಹೆಚ್ಚಿನ ಇಂಟರ್ಫೇಸುಗಳಲ್ಲೇ ಇದೆ: ಡೈರೆಕ್ಟ್ ಮಾನಿಟರಿಂಗ್. ದನಿ ಕಂಪ್ಯೂಟರಿಗೆ ಸುತ್ತು ಹಾಕದೆ ನೇರ ಹೆಡ್‌ಫೋನಿಗೆ ಬರುತ್ತದೆ, ಬಫರ್ ಎಷ್ಟಿದ್ದರೂ ಸರಿ. ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಲು ಮರೆಯಬಾರದು, ಇಲ್ಲದಿದ್ದರೆ ಆ ‘ಇನ್ನೊಬ್ಬಳು’ ಮತ್ತೆ ಬರುತ್ತಾಳೆ. ಕೀಬೋರ್ಡಿನಿಂದ ಸಾಫ್ಟ್‌ವೇರ್ ವಾದ್ಯ ನುಡಿಸುವವರಿಗೆ ಈ ದಾರಿಯಿಲ್ಲ. ನಾದ ಹುಟ್ಟುವುದೇ ಕಂಪ್ಯೂಟರಿನೊಳಗೆ, ಹಾಗಾಗಿ 64 ಅಥವಾ 128 ಬೇಕು. ಮಿಕ್ಸಿಂಗಿಗೆ ಕೂತಾಗ ಕೊಡವೇ ಸರಿ.

ರ‍್ಯಾಮ್ ಹೆಚ್ಚಿಸಿದರೆ ಚಟಪಟ ನಿಲ್ಲುತ್ತದೆ ಎಂಬ ನಂಬಿಕೆಗೆ ದುಡ್ಡು ಸುರಿದವರಿದ್ದಾರೆ. ಬಹುಪಾಲು ಸಲ ಎಡವುವುದು ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲಾಗದ ಪ್ರೊಸೆಸರ್ ಅಥವಾ ಡ್ರೈವರ್. ವಿಂಡೋಸ್‌ನಲ್ಲಿ ಮೊದಲು ಇಂಟರ್ಫೇಸಿನ ಸ್ವಂತ ಎಎಸ್‌ಐಒ ಡ್ರೈವರ್ ಹಾಕಿ ನೋಡಿ. ಬ್ಲೂಟೂತ್ ಹೆಡ್‌ಫೋನಿನ ತಡಕ್ಕಂತೂ ಬಫರಿನಲ್ಲಿ ಮದ್ದಿಲ್ಲ, ತಂತಿಯದೇ ಬೇಕು.

64ಕ್ಕೆ ಇಳಿಸಿದರೂ ತಡ ಹೋಗಲಿಲ್ಲವೇ? ಮಾಸ್ಟರ್ ಟ್ರ್ಯಾಕಿನ ಮೇಲೆ ಹಾಕಿಟ್ಟ ಲಿಮಿಟರ್ ತೆಗೆದು ನೋಡಿ. ಮುಂದೆ ಬರುವ ಸದ್ದನ್ನು ಮೊದಲೇ ಇಣುಕಿ ನೋಡಲು ಅದು ತನ್ನದೇ ಬೇರೆ ಪಾತ್ರೆ ಇಟ್ಟುಕೊಂಡಿರುತ್ತದೆ.