ಆಸ್ಪತ್ರೆಯ ಸೋಂಕೂ ಆಂಟಿಬಯಾಟಿಕ್ ಔಷಧಗಳ ಮಿತವಾದ ಬಳಕೆಯೂ

ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಮೊಸಾಯಿಕ್ ರೋಗವು ಹೊಸದಲ್ಲ. ಎಲೆಯ ಮೇಲೆ ತಿಳಿಹಸುರು ಕಡುಹಸುರು ಮಚ್ಚೆಗಳನ್ನು ಮೂಡಿಸುವ ಈ ರೋಗವು ಮುಖ್ಯವಾಗಿ ಮನುಷ್ಯನ ಕೈಯಿಂದಲೇ ಹರಡುವಂಥಾದ್ದು. ರೋಗ ತಗುಲಿದ ಗಿಡವನ್ನು ಮುಟ್ಟಿದ ಆಳು ಕೈ ತೊಳೆಯದೆ ಮುಂದಿನ ಸಾಲಿನಲ್ಲಿ ಕುಡಿ ಚಿವುಟಿದರೆ ಆ ಸಾಲೂ ಕೆಡುವುದು. ಬೀಡಿ ಸೇದಿದ ಕೈಯಿಂದ ಸಸಿಮಡಿಯನ್ನು ಮುಟ್ಟಬಾರದೆಂದೂ, ಸೋಪಿನಿಂದ ಕೈ ತೊಳೆದೇ ಸಸಿ ಕೀಳಬೇಕೆಂದೂ ಹೇಳುವುದು ಈ ಕಾರಣದಿಂದಲೇ. ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ, ಕಿತ್ತುಹಾಕುವುದೊಂದೇ ಉಪಾಯ.

ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಒಂದು ಕಾಯಿಲೆಗೆಂದು ಸೇರಿದ ರೋಗಿಗೆ ಅಲ್ಲಿಯೇ ಮತ್ತೊಂದು ಕಾಯಿಲೆ ಅಂಟುವುದುಂಟು. ಶಸ್ತ್ರಚಿಕಿತ್ಸೆಯ ಗಾಯ, ರಕ್ತನಾಳಕ್ಕೆ ಚುಚ್ಚಿದ ಸೂಜಿ, ಮೂತ್ರಕ್ಕಾಗಿ ಇಟ್ಟ ನಳಿಕೆ, ಇವೆಲ್ಲವೂ ಕ್ರಿಮಿಗಳಿಗೆ ತೆರೆದ ಬಾಗಿಲುಗಳು. ಆ ಕ್ರಿಮಿಗಳನ್ನು ಒಂದು ಮಂಚದಿಂದ ಮತ್ತೊಂದು ಮಂಚಕ್ಕೆ ಒಯ್ಯುವುದು ವೈದ್ಯರ, ದಾದಿಯರ ಮತ್ತು ನೋಡಲು ಬಂದ ನಂಟರ ಕೈಗಳೇ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಶವಗಳನ್ನು ಕೊಯ್ದು ಪರೀಕ್ಷಿಸಿದ ವೈದ್ಯರು ಅದೇ ಕೈಯಿಂದ ಹೆರಿಗೆ ಮಾಡಿಸುತ್ತಿದ್ದರು. ಅಲ್ಲಿನ ಒಂದು ವಿಭಾಗದಲ್ಲಿ 1846 ರಲ್ಲಿ ನೂರಕ್ಕೆ 11 ಕ್ಕೂ ಮಿಕ್ಕಿ ಬಾಣಂತಿಯರು ಸತ್ತರು. 1847 ರಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದನು; 1848 ರಲ್ಲಿ ಸಾವು ನೂರಕ್ಕೆ ಎರಡಕ್ಕೂ ಕಡಮೆಯಾಯಿತು. ಆಗ ಯಾವ ಆಂಟಿಬಯಾಟಿಕ್ ಔಷಧವೂ ಇರಲಿಲ್ಲವೆಂಬುದು ಗಮನಾರ್ಹ.

ಅಂಥ ಔಷಧಗಳಲ್ಲಿ ಪ್ರಸಿದ್ಧವಾದ ಪೆನಿಸಿಲಿನನ್ನು 1928 ರಲ್ಲಿ ಕಂಡುಹಿಡಿದ ಫ್ಲೆಮಿಂಗರು, 1945 ರ ತಮ್ಮ ನೊಬೆಲ್ ಭಾಷಣದಲ್ಲಿಯೇ, ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿದರೆ ಕ್ರಿಮಿಗಳು ಅದಕ್ಕೆ ಬಗ್ಗದಂತಾಗುವುವೆಂದು ಎಚ್ಚರಿಸಿದ್ದರು. ಹೆಗ್ಗಡದೇವನಕೋಟೆಯ ಹತ್ತಿ ಬೆಳೆಗಾರರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಕಾಯಿಕೊರಕಕ್ಕೆ ಒಂದೇ ಔಷಧವನ್ನು ಮೇಲಿಂದ ಮೇಲೆ ಸಿಂಪಡಿಸಿದರೆ ದುರ್ಬಲವಾದ ಹುಳುಗಳು ಸತ್ತು, ತಡೆದುಕೊಂಡವುಗಳ ಸಂತಾನವೇ ಹೊಲವನ್ನು ತುಂಬುವುದು. ಆದರೆ ಹುಳುವಿಗೂ ಬ್ಯಾಕ್ಟೀರಿಯಾಕ್ಕೂ ಭೇದವುಂಟು. ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸುವುವು. ಔಷಧವನ್ನು ಎದುರಿಸುವ ಶಕ್ತಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಹಂಚಬಲ್ಲುವು. 2019 ರಲ್ಲಿ ಹೀಗೆ ಔಷಧಕ್ಕೆ ಬಗ್ಗದ ಸೋಂಕುಗಳಿಂದಲೇ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನರು ಮೃತರಾದರೆಂದು ಅಂದಾಜು ಮಾಡಲಾಗಿದೆ.

ಆದುದರಿಂದ ಒಳ್ಳೆಯ ಆಸ್ಪತ್ರೆಗಳಲ್ಲಿ, ಅವಕಾಶವಿದ್ದಲ್ಲಿ, ಔಷಧಕ್ಕೆ ಮೊದಲೇ ರಕ್ತವನ್ನೋ ಕೀವನ್ನೋ ಪರೀಕ್ಷೆಗೆ ತೆಗೆದು, ಎರಡು ಮೂರು ದಿನಗಳಲ್ಲಿ ಫಲಿತಾಂಶ ನೋಡಿ ಔಷಧವನ್ನು ಬದಲಿಸುವರು ಇಲ್ಲವೆ ನಿಲ್ಲಿಸುವರು. ನೆಗಡಿಯೂ ಬಹುಪಾಲು ಕೆಮ್ಮುಗಳೂ ಹೊಗೆಸೊಪ್ಪಿನ ಮೊಸಾಯಿಕ್ಕಿನಂತೆ ವೈರಸ್ಸಿನಿಂದ ಬರತಕ್ಕವು. ಅವುಗಳ ಮೇಲೆ ಆಂಟಿಬಯಾಟಿಕ್ ನಡೆಯದು. ಹೀಗಿದ್ದರೂ ಸೂಜಿ ಚುಚ್ಚದ ವೈದ್ಯನು ವೈದ್ಯನೇ ಅಲ್ಲವೆಂಬ ಭಾವನೆಯು ಹಳ್ಳಿಗಳಲ್ಲಿ ಬೇರೂರಿದೆ. ಇದನ್ನು ಹೋಗಲಾಡಿಸಲು ವೈದ್ಯರ ಮಾತಿಗಿಂತ ಊರಿನ ಯಜಮಾನರ ಮಾತೇ ಹೆಚ್ಚು ನಡೆಯುವುದು. ಪಟ್ಟಿಯ ಮೇಲೆ ನೆಟ್ಟಗೆ ಕೆಂಪು ಗೆರೆಯಿರುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಭಾರತ ಸರ್ಕಾರವು 2016 ರಿಂದ ಪ್ರಚಾರ ಮಾಡಿದೆ.

ಜಮೀನುದಾರರ ಹೊಣೆ ಆಸ್ಪತ್ರೆಯ ಬಾಗಿಲಿಗೆ ಮುಗಿಯದು. ಕೃಷ್ಣರಾಜನಗರದ ನಾಲೆಬಯಲಿನಂಥ ಕಡೆ ಭತ್ತದ ದುಂಡಾಣು ಅಂಗಮಾರಿಗೆ ರೈತರು ಕೇಳುವ ಸ್ಟ್ರೆಪ್ಟೊಮೈಸಿನ್, ಕ್ಷಯರೋಗವನ್ನು ಗುಣಪಡಿಸಿದ ಮೊದಲ ಆಂಟಿಬಯಾಟಿಕ್ಕೇ ಆಗಿದೆ. ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019 ರಲ್ಲಿ ನಿಷೇಧಿಸಿದುದು, ಮನುಷ್ಯರಿಗೆ ಅದು ಕಟ್ಟಕಡೆಯ ಔಷಧಗಳಲ್ಲೊಂದಾದುದರಿಂದ. ಕೆಚ್ಚಲು ಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೈರಿಗೆ ಹಾಕಕೂಡದು. ಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಕರುವಿಗೆ ಅರೆದು ಕುಡಿಸುವುದಂತೂ ಸಲ್ಲದು.

ಊರಿನವರೊಬ್ಬರು ಆಸ್ಪತ್ರೆ ಸೇರಿದರೆ ಒಂದು ಗಾಡಿ ತುಂಬ ಜನರು ಹೋಗಿ ಬರುವುದು ಪ್ರೀತಿಯ ಗುರುತೇ ಸರಿ. ಆದರೆ ರೋಗಿಯ ಬಳಿ ಒಬ್ಬರು ನಿಂತರೆ ಸಾಕು. ಮಂಚದ ಮೇಲೆ ಕೂರಬಾರದು, ಒಳಹೋಗುವಾಗಲೂ ಹೊರಬರುವಾಗಲೂ ಸೋಪಿನಿಂದ 40 ರಿಂದ 60 ಸೆಕೆಂಡು ಕೈ ತೊಳೆಯತಕ್ಕದ್ದು. ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಕಳುಹಿಸಿದಾಗ, ಅದುವರೆಗೆ ಕೊಟ್ಟ ಔಷಧಗಳ ಚೀಟಿಯನ್ನೂ ಖಾಲಿಯಾದ ಮಾತ್ರೆಯ ಪಟ್ಟಿಗಳನ್ನೂ ಜೊತೆಯಲ್ಲಿ ಒಯ್ಯಬೇಕು. ಯಾವ ಔಷಧ ಆಗಲೇ ಸೋತಿದೆಯೆಂಬುದು ಅಲ್ಲಿನ ವೈದ್ಯರಿಗೆ ಅವುಗಳಿಂದಲೇ ತಿಳಿಯುವುದು.