ಮೈಯಲ್ಲಿ ಅಡಗಿರುವ ವೈರಾಣು

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಭಯ ಆವರಿಸುತ್ತದೆ. ಕೆಲವು ಬಗೆಯ ಕ್ಯಾನ್ಸರಿಗೆ ವೈರಾಣುವೂ ಕಾರಣವೆಂದು ತಿಳಿದರಂತೂ ಭಯದ ಜೊತೆಗೆ ಸಂಶಯವೂ ಸೇರಿಕೊಳ್ಳುತ್ತದೆ. ಹಾಗಾದರೆ ಇದು ಅಂಟುರೋಗವೇ, ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡಬೇಕೇ ಎಂಬ ಪ್ರಶ್ನೆಗಳು ಏಳುತ್ತವೆ. ಇದಕ್ಕೆ ವಿಜ್ಞಾನವು ನೀಡುವ ಉತ್ತರವನ್ನು ನಾವೆಲ್ಲರೂ ಅರಿತಿರುವುದು ಒಳಿತು.

ಆಫ್ರಿಕದ ಉಗಾಂಡಾದಲ್ಲಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು ಮಕ್ಕಳ ದವಡೆಯಲ್ಲಿ ಶೀಘ್ರವಾಗಿ ಬೆಳೆಯುವ ಗಡ್ಡೆಗಳನ್ನು ಕುರಿತು 1958ರಲ್ಲಿ ಬರೆದರು. ಆ ಗಡ್ಡೆಯ ಜೀವಕೋಶಗಳನ್ನು ಲಂಡನ್ನಿನಲ್ಲಿ ಪರೀಕ್ಷಿಸಿದ ಆಂಟನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಅವರು 1964ರಲ್ಲಿ ಹೊಸದೊಂದು ವೈರಾಣುವನ್ನು ಕಂಡುದಾಗಿ ಪ್ರಕಟಿಸಿದರು. ಅದೇ ಎಪ್‌ಸ್ಟೀನ್-ಬಾರ್ ವೈರಾಣು. ಮಾನವರಲ್ಲಿ ಕ್ಯಾನ್ಸರಿನೊಡನೆ ನಂಟುಳ್ಳದ್ದೆಂದು ಗುರುತಿಸಲ್ಪಟ್ಟ ಮೊದಲ ವೈರಾಣು ಇದು.

ಅಚ್ಚರಿಯ ಸಂಗತಿಯೆಂದರೆ, ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಈ ವೈರಾಣು ಇದೆ. ಅದು ಹೆಚ್ಚಾಗಿ ಎಂಜಲಿನ ಮೂಲಕ ಹರಡುತ್ತದೆ. ಅನೇಕರಿಗೆ ಬಾಲ್ಯದಲ್ಲಿಯೇ ತಗಲಿ, ಬಿಳಿ ರಕ್ತಕಣಗಳಲ್ಲಿ ಜೀವಮಾನವಿಡೀ ಸುಪ್ತವಾಗಿ ಉಳಿಯುತ್ತದೆ. ದೇಹದ ಕಾವಲುಪಡೆಯ ಕಣ್ಣು ತಪ್ಪಿಸಿ ಅದು ಇಷ್ಟು ಕಾಲ ಬದುಕುವುದು ಹೇಗೆ?

ಉತ್ತರದ ಒಂದು ಭಾಗ ದೊರೆತುದು ಮೈಕ್ರೋ ಆರ್‌ಎನ್‌ಎಗಳಲ್ಲಿ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಈ ಎಳೆಗಳಿಂದ ಪ್ರೋಟೀನ್ ತಯಾರಾಗುವುದಿಲ್ಲ. ಪ್ರೋಟೀನ್ ತಯಾರಿಸಬೇಕೆಂದು ಹೊರಟ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುವುದೇ ಇವುಗಳ ಕೆಲಸ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರು ಒಂದು ಪುಟ್ಟ ಹುಳುವಿನಲ್ಲಿ ಈ ವ್ಯವಸ್ಥೆಯನ್ನು ಕಂಡುಹಿಡಿದು 1993ರಲ್ಲಿ ಪ್ರಕಟಿಸಿದರು. 2024ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ವೈರಾಣುಗಳೂ ಈ ವಿದ್ಯೆಯನ್ನು ಬಲ್ಲವು ಎಂಬುದು 2004ರಲ್ಲಿ ತಿಳಿಯಿತು. ಎಪ್‌ಸ್ಟೀನ್-ಬಾರ್ ವೈರಾಣುವಿನಲ್ಲಿಯೇ ಅವು ಮೊದಲು ಪತ್ತೆಯಾದವು. ಇಂದು ಅದರ 40ಕ್ಕೂ ಹೆಚ್ಚು ಮೈಕ್ರೋ ಆರ್‌ಎನ್‌ಎಗಳನ್ನು ಗುರುತಿಸಲಾಗಿದೆ. ವೈರಾಣು ಪ್ರೋಟೀನ್ ತಯಾರಿಸಿದರೆ ಅದರ ಚೂರುಗಳನ್ನು ಕಂಡು ಕಾವಲುಪಡೆ ಎಚ್ಚರಗೊಳ್ಳುತ್ತದೆ. ಈ ಕಿರು ಎಳೆಗಳು ಹಾಗೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೆಟ್ಟುಹೋದ ಜೀವಕೋಶ ತಾನಾಗಿಯೇ ಅಳಿಯಲು ಪ್ಯೂಮಾ ಎಂಬ ಪ್ರೋಟೀನ್ ನೆರವಾಗುತ್ತದೆ. ಬಾರ್ಟ್-5 ಎಂಬ ವೈರಾಣುವಿನ ಎಳೆ ಅದನ್ನೇ ಅಡಗಿಸುತ್ತದೆ. ಅಳಿಯಬೇಕಾದ ಕೋಶ ಉಳಿದರೆ ಅದು ಮುಂದೆ ಗಡ್ಡೆಯಾಗಲು ದಾರಿಯಾದೀತು. ಮೂಗಿನ ಹಿಂಭಾಗದಲ್ಲಿ, ಗಂಟಲಿನ ಮೇಲ್ತುದಿಯಲ್ಲಿ ಹುಟ್ಟುವ ಕ್ಯಾನ್ಸರಿನ ಕೋಶಗಳಲ್ಲಿ ಇಂತಹ ಎಳೆಗಳು ಹೇರಳವಾಗಿ ಕಾಣುತ್ತವೆ.

ಆದರೆ ವೈರಾಣುವೊಂದರಿಂದಲೇ ಕ್ಯಾನ್ಸರ್ ಬಾರದು. ಆಫ್ರಿಕದ ಮಕ್ಕಳಲ್ಲಿ ಮತ್ತೆ ಮತ್ತೆ ಬರುವ ಮಲೇರಿಯಾ ಅದರ ಜೊತೆಗೂಡುತ್ತದೆ. ಗಂಟಲಿನ ಮೇಲ್ತುದಿಯ ಕ್ಯಾನ್ಸರ್ ಹೆಚ್ಚಾಗಿರುವ ದಕ್ಷಿಣ ಚೀನಾದಲ್ಲಿ ಅನುವಂಶೀಯತೆಯೂ ಉಪ್ಪು ಹಾಕಿ ಕೆಡಿಸಿಟ್ಟ ಮೀನಿನ ಸೇವನೆಯೂ ಕೂಡುತ್ತವೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ನಾಗಾಲ್ಯಾಂಡಿನಂತಹ ಈಶಾನ್ಯ ರಾಜ್ಯಗಳಲ್ಲಿ ಅಧಿಕ, ಉಳಿದೆಡೆ ವಿರಳ. ವೈರಾಣುವನ್ನು ಹೊತ್ತ ಕೋಟ್ಯಂತರ ಜನರಲ್ಲಿ ಬಹುಪಾಲು ಮಂದಿ ಇದರಿಂದ ಕ್ಯಾನ್ಸರಿಗೆ ತುತ್ತಾಗದೆ ಬಾಳಿ ಬದುಕುತ್ತಾರೆ.

ಈ ಅರಿವಿನಿಂದ ಪ್ರಯೋಜನವೂ ಉಂಟು. ಹಾಂಗ್‌ಕಾಂಗಿನಲ್ಲಿ ರೋಗಲಕ್ಷಣವಿಲ್ಲದ 20,000ಕ್ಕೂ ಹೆಚ್ಚು ಪುರುಷರ ರಕ್ತದಲ್ಲಿ ಈ ವೈರಾಣುವಿನ ಡಿಎನ್‌ಎಯನ್ನು ಹುಡುಕಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರಿಂದ 34 ಮಂದಿಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಬಹುತೇಕರಲ್ಲಿ ಅದಿನ್ನೂ ಆರಂಭದ ಹಂತದಲ್ಲಿತ್ತು. ವೈರಾಣುವಿನ ಮೈಕ್ರೋ ಆರ್‌ಎನ್‌ಎಗಳನ್ನೂ ರಕ್ತದಲ್ಲಿ ಇದೇ ರೀತಿ ಸುಳಿವಾಗಿ ಬಳಸುವ ಸಂಶೋಧನೆ ನಡೆದಿದೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಒಂದೇ ಕಿವಿಯ ಮಂದತೆ, ಮೂಗಿನ ಒಂದೇ ಹೊಳ್ಳೆ ಕಟ್ಟಿಕೊಳ್ಳುವುದು, ಪದೇ ಪದೇ ಮೂಗಿನಲ್ಲಿ ರಕ್ತ — ಇವು ಕೆಲವು ವಾರಗಳಾದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲಿನ ತಜ್ಞರನ್ನು ಕಾಣಲು ತಡಮಾಡಬಾರದು. ರೋಗಿಯನ್ನು ದೂರವಿಡುವುದಂತೂ ಸಲ್ಲದು. ಆತನ ಕ್ಯಾನ್ಸರ್ ಸಹಪಂಕ್ತಿಯಿಂದ ಹರಡುವಂಥದಲ್ಲ. ಅವನ ಮೈಯಲ್ಲಿರುವ ವೈರಾಣುವಾದರೋ ಪಕ್ಕದಲ್ಲಿ ಕುಳಿತು ಉಣ್ಣುವವರಲ್ಲಿಯೂ ಬಹುಶಃ ಎಂದೋ ನೆಲೆಸಿದೆ. ಆತನಿಗೆ ಬೇಕಾದುದು ಸಕಾಲದ ಚಿಕಿತ್ಸೆ ಮತ್ತು ಮನೆಮಂದಿಯ ಆಸರೆ.