ನಿಮಗಿದು ಗೊತ್ತೇ? ಹಳ್ಳಿಗೆ ಹೊರಟ ಸ್ಕ್ಯಾನಿಂಗ್

ಬಸುರಿಗೆ 24 ವಾರ ತುಂಬುವುದರೊಳಗೆ ಒಮ್ಮೆಯಾದರೂ ಸ್ಕ್ಯಾನಿಂಗ್ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಯಂತ್ರವೇ ಇಲ್ಲದ ಊರಲ್ಲಿ ಏನು ಮಾಡುವುದು?

ಉಗಾಂಡದ ಕಮುಲಿ ಜಿಲ್ಲೆಯ ನವಾನ್ಯಾಗೊ ಆರೋಗ್ಯ ಕೇಂದ್ರದಲ್ಲಿ ‘ಇಮೇಜಿಂಗ್ ದ ವರ್ಲ್ಡ್’ ಸಂಸ್ಥೆ ಹೆರಿಗೆ ಮಾಡಿಸುವ ನರ್ಸ್‌ಗಳಿಗೆ ಒಂದು ಉಪಾಯ ಕಲಿಸಿತು. ಪರದೆ ನೋಡುತ್ತ ಮಗುವನ್ನು ಹುಡುಕಬೇಕಾಗಿಲ್ಲ. ಹೊಟ್ಟೆಯ ಮೇಲೆ ಗೊತ್ತುಮಾಡಿದ ಜಾಗದಿಂದ ಹಿಡಿದು, ಅಡ್ಡಕ್ಕೂ ಉದ್ದಕ್ಕೂ ಯಂತ್ರದ ಮೈಗೆ ತಾಗಿಸುವ ಭಾಗವಾದ ಪ್ರೋಬನ್ನು ಒಂದೇ ಸಮ ಎಳೆದರೆ ಸಾಕು. ಚಿತ್ರಗಳನ್ನು ಕುಗ್ಗಿಸಿ ಮೊಬೈಲ್ ಜಾಲದಲ್ಲಿ ಕಳಿಸಿದರೆ ದೂರದ ರೇಡಿಯಾಲಜಿಸ್ಟ್ ನೋಡಿ ಹೇಳುತ್ತಾರೆ. ಅವಳಿಯೇ, ಮಗು ಅಡ್ಡ ಮಲಗಿದೆಯೇ, ಮಾಸು ಗರ್ಭದ ಬಾಯಿಗೇ ಕೂತಿದೆಯೇ? ಇಷ್ಟು ಮೊದಲೇ ತಿಳಿದರೆ ದೊಡ್ಡಾಸ್ಪತ್ರೆಗೆ ಹೊರಡಲು ತಾಯಿಗೆ ಸಮಯ ಸಿಗುತ್ತದೆ. ನೋವು ಶುರುವಾದ ಮೇಲೆ ತಿಳಿದು ಏನು ಪ್ರಯೋಜನ?

ಬಾಹ್ಯಾಕಾಶ ನಿಲ್ದಾಣದಲ್ಲೂ ವೈದ್ಯರಲ್ಲದ ಗಗನಯಾತ್ರಿಗಳು ಸ್ಕ್ಯಾನ್ ಮಾಡಿದ್ದಾರೆ, ಭೂಮಿಯಿಂದ ತಜ್ಞರು ಹೇಳಿದಂತೆ ಕೈಯಾಡಿಸುತ್ತ.

ಚರ್ಮಕ್ಕೂ ಪ್ರೋಬ್‌ಗೂ ನಡುವೆ ಚೂರು ಗಾಳಿ ಉಳಿದರೂ ಸ್ಕ್ಯಾನಿಂಗಿನ ಶಬ್ದದ ಅಲೆ ಒಳಗೆ ಹೋಗದು. ಅದಕ್ಕೇ ಜೆಲ್ ಹಚ್ಚುವುದು. ದೂರದ ಊರುಗಳಿಗೆ ಅದೂ ದುಬಾರಿ. ಕಾಂಗೊದಲ್ಲಿ ಮರಗೆಣಸಿನ ಹಿಟ್ಟಿನ ಗಂಜಿ ಕಾಯಿಸಿ ಹಚ್ಚಿ ನೋಡಿದರು. ಚಿತ್ರದ ಗುಣಮಟ್ಟದಲ್ಲಿ ಅದು ಅಂಗಡಿಯ ಜೆಲ್‌ಗೆ ಕಡಿಮೆಯೇನೂ ಇರಲಿಲ್ಲ!

ನಮ್ಮಲ್ಲಿ ಬಸುರಿಯ ಸ್ಕ್ಯಾನಿಂಗನ್ನು ನರ್ಸ್‌ಗೆ ಒಪ್ಪಿಸುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಅರ್ಹತೆಯುಳ್ಳ ವೈದ್ಯರೇ ನೋಡಬೇಕು. ಕೈಯಲ್ಲಿ ಹಿಡಿದು ಊರೂರು ಸುತ್ತುವುದಕ್ಕೂ ಕಟ್ಟುನಿಟ್ಟಿದೆ. ಹೆಣ್ಣುಮಕ್ಕಳನ್ನು ಹುಟ್ಟುವ ಮೊದಲೇ ಕಳೆದುಕೊಂಡ ನಾಡಿಗೆ ಈ ಕಾವಲು ಬೇಕೇ ಬೇಕು. ಅದರ ಬೆಲೆಯನ್ನು ದೂರದ ಹಾಡಿಯ ಬಸುರಿ ತೆರುತ್ತಿದ್ದಾಳೆ ಎಂಬುದೂ ಅಷ್ಟೇ ನಿಜ.

ಯಂತ್ರವೊಂದೇ ಬಂದರೆ? ಕಾಂಗೊ, ಕೆನ್ಯಾ, ಜಾಂಬಿಯಾ, ಪಾಕಿಸ್ತಾನ, ಗ್ವಾಟೆಮಾಲಾಗಳ ಹಳ್ಳಿಗಳಲ್ಲಿ ನಡೆದ ‘ಫಸ್ಟ್ ಲುಕ್’ ಅಧ್ಯಯನದಲ್ಲಿ ನರ್ಸ್ ಮೊದಲಾದವರಿಗೆ 2 ವಾರ ತರಬೇತಿ, ಮುಂದೆ 12 ವಾರ ಮೇಲ್ವಿಚಾರಣೆ ಕೊಟ್ಟರು. ಅವರು ಚೆನ್ನಾಗಿಯೇ ಕಲಿತರು, ಸ್ಕ್ಯಾನ್‌ಗಳೂ ಸರಿಯಾಗಿದ್ದವು. ಆದರೆ 2018ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ತಾಯಿ ಮತ್ತು ಶಿಶು ಮರಣ ಇಳಿಯಲಿಲ್ಲ, ಆಸ್ಪತ್ರೆ ಹೆರಿಗೆಯೂ ಹೆಚ್ಚಲಿಲ್ಲ. ತೊಂದರೆ ಕಂಡರೂ ಮುಂದಿನ ಆಸ್ಪತ್ರೆ ಕೈಗೆಟುಕದಿದ್ದರೆ ಬಸುರಿಗೆ ಸಿಕ್ಕುವುದು ಚಿಂತೆ ಮಾತ್ರ.

ಮದ್ದು ಜೊತೆಗಿದ್ದರೆ ಕಥೆಯೇ ಬೇರೆ. ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಹೃದ್ರೋಗ ಮೊದಮೊದಲು ಸ್ಟೆತೊಸ್ಕೋಪಿಗೆ ಕೇಳಿಸದೆ, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಮಾತ್ರ ಕಾಣುವುದುಂಟು. ಉತ್ತರ ಉಗಾಂಡದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, ರೋಗದ ಸುಳಿವು ಕಂಡವರಲ್ಲಿ ಅರ್ಧದಷ್ಟು ಮಕ್ಕಳಿಗೆ ತಿಂಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರು. 2 ವರ್ಷದಲ್ಲಿ ಚುಚ್ಚುಮದ್ದಿಲ್ಲದವರಲ್ಲಿ ಶೇ 8.2 ಮಕ್ಕಳ ರೋಗ ಉಲ್ಬಣಿಸಿತು. ಚುಚ್ಚಿಸಿಕೊಂಡವರಲ್ಲಿ ಶೇ 0.8 ಮಾತ್ರ.